ಅಳಿಯಕಟ್ಟಿನ ಹಳೇ ಮನೆ: ಇದು ಯಾರ ಮನೆ?

ಮಂಗಳೂರಿನಿಂದ ಉಡುಪಿ ಕಡೆಗೆ ಹೋಗುವಾಗ ಹೆದ್ದಾರಿ ಬಿಟ್ಟು ನಾಲ್ಕೈದು ಕಿಲೋಮೀಟರ್ ಒಳಗೆ ಹೋದರೆ ಇಂಥ ಮನೆ ಒಂದಾದರೂ ಕಣ್ಣಿಗೆ ಬೀಳುತ್ತದೆ. ಮುಂದೆ ಬೈಲು ಗದ್ದೆ, ಹಿಂದೆ ಗುಡ್ಡ, ನಡುವೆ ಕೆಂಪು ಹಂಚಿನ ದೊಡ್ಡ ಮನೆ. ಚಾವಡಿಯ ಕಂಬ ಒಬ್ಬರ ತೋಳಿಗೆ ಸಿಗದಷ್ಟು ದಪ್ಪ. ಅಂಗಳದಲ್ಲಿ ತುಳಸಿಕಟ್ಟೆ, ಒಂದು ಬದಿಗೆ ನಾಗಬನ. ವರ್ಷದ ಹೆಚ್ಚಿನ ದಿನ ಬಾಗಿಲಿಗೆ ಬೀಗ. ಬೀಗದಕೈ ಪಕ್ಕದ ಮನೆಯವರ ಹತ್ತಿರ.

ಹೊರಗಿನಿಂದ ಬಂದವರು ಮೊದಲು ಕೇಳುವುದು, "ಇದು ಯಾರ ಮನೆ?" ಸುಲಭದ ಪ್ರಶ್ನೆ ಅಲ್ವಾ? ಆದರೆ ಉತ್ತರ ಸುಲಭ ಇಲ್ಲ. ಈ ಮನೆ ಕಟ್ಟಿದ ಕಾಲದಲ್ಲಿ ಅದು ಯಾವ ಒಬ್ಬ ಮನುಷ್ಯನದ್ದೂ ಆಗಿರಲಿಲ್ಲ. ಅದರ ಸುತ್ತಲಿನ ಗದ್ದೆಯಂತೂ ಒಂದೇ ಹೊತ್ತಿಗೆ ಮೂರು ಕುಟುಂಬಗಳಿಗೆ ಸೇರಿರುವುದೂ ಇತ್ತು. ಇದು ಅರ್ಥವಾಗದೆ ಆ ಮನೆ ಯಾಕೆ ಅಷ್ಟು ದೊಡ್ಡದು, ಯಾಕೆ ಈಗ ಖಾಲಿ ಎನ್ನುವುದು ಅರ್ಥವಾಗುವುದಿಲ್ಲ. ಮಕ್ಕಳು ಮುಂಬೈಗೆ ಹೋದರು, ಮನೆ ಖಾಲಿಯಾಯಿತು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜದ ಸಣ್ಣ ಪಾಲು ಮಾತ್ರ.

ಮೊದಲು ಅಳಿಯಕಟ್ಟು ಅಂದರೆ ಏನು ಎಂದು ನೋಡೋಣ. ಕಾನೂನಿನ ಪುಸ್ತಕದಲ್ಲಿ ಅದಕ್ಕೆ ಅಳಿಯಸಂತಾನ ಎಂದು ಹೆಸರು. ಊರಲ್ಲಿ ಅಳಿಯಕಟ್ಟು, ಮಕ್ಕಳಕಟ್ಟು ಎಂದೇ ಹೇಳುವುದು. ಬಂಟರು, ಬಿಲ್ಲವರು, ಮೊಗವೀರರು, ಜೈನರಲ್ಲಿ ಹಲವರು ಅಳಿಯಕಟ್ಟಿನವರು. ಬ್ರಾಹ್ಮಣರದ್ದು ಮಕ್ಕಳಕಟ್ಟು, ಅಂದರೆ ತಂದೆಯಿಂದ ಮಕ್ಕಳಿಗೆ. ಅಳಿಯಕಟ್ಟಿನಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರುತ್ತದೆ, ತಂದೆಯ ಕುಟುಂಬಕ್ಕಲ್ಲ. ಹಾಗಾಗಿ ಒಬ್ಬ ಗಂಡಸಿನ ಸ್ವಂತ ಮಕ್ಕಳಿಗೆ ಅವನ ಕುಟುಂಬದ ಆಸ್ತಿಯಲ್ಲಿ ಪಾಲಿಲ್ಲ. ಅವನ ಅಕ್ಕತಂಗಿಯರ ಮಕ್ಕಳಿಗೆ ಇದೆ. ಅಳಿಯ ಅಂದರೆ ಇಲ್ಲಿ ಸೋದರಳಿಯ, ಅದಕ್ಕೇ ಆ ಹೆಸರು.

ಈ ಪದ್ಧತಿ ಹೇಗೆ ಬಂತು ಎನ್ನುವುದಕ್ಕೆ ಭೂತಾಳ ಪಾಂಡ್ಯನ ಕತೆ ಹೇಳುತ್ತಾರೆ. ಕುಂಡೋದರ ಎಂಬ ಭೂತ ಬಲಿಗಾಗಿ ಅರಸನ ಮಗನನ್ನು ಕೇಳಿತಂತೆ. ಅರಸನ ಹೆಂಡತಿ ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಮುಂದೆ ಬಂದಳು. ಅಂದಿನಿಂದ ಅಳಿಯನಿಗೇ ಪಟ್ಟ, ಆಸ್ತಿ. ಇದು ಕತೆ, ಚರಿತ್ರೆಯಲ್ಲ. ಆದರೂ ಕೈಹಿಡಿದವಳಿಗಿಂತ ಒಡಹುಟ್ಟಿದವಳು ಹತ್ತಿರ ಎಂಬ ಒಂದು ಭಾವನೆ ಅದರಲ್ಲಿ ಗಟ್ಟಿಯಾಗಿ ಕೂತಿದೆ.

ಇಲ್ಲಿ ಜಾಸ್ತಿ ಜನ ತಪ್ಪು ತಿಳಿಯುವ ಒಂದು ಮಾತಿದೆ. ಅಳಿಯಕಟ್ಟು ಅಂದರೆ ಹೆಣ್ಣಿನ ಆಡಳಿತ ಅಲ್ಲ. ಆಸ್ತಿ ಹೆಣ್ಣಿನ ದಾರಿಯಲ್ಲಿ ಹರಿಯುತ್ತಿತ್ತು, ನೋಡಿಕೊಳ್ಳುವ ಕೈ ಮಾತ್ರ ಸಾಮಾನ್ಯವಾಗಿ ಗಂಡಸಿನದ್ದು. ಕುಟುಂಬದ ಹಿರಿಯನೇ ಯಜಮಾನ. ಮಕ್ಕಳ ಪಾಲಿಗೆ ಅವನು ಸೋದರಮಾವ ಅಥವಾ ಅಜ್ಜಿಯ ಅಣ್ಣತಮ್ಮ. ಹಿರಿಯ ಹೆಂಗಸು ಯಜಮಾಂತಿಯಾಗಿ ಮನೆ ನಡೆಸಿದ್ದೂ ಉಂಟು. ಯಜಮಾನನಾದರೂ ಆಸ್ತಿ ಅವನ ಸ್ವಂತದ್ದಲ್ಲ. ಮನಸ್ಸಿಗೆ ಬಂದ ಹಾಗೆ ಮಾರುವಂತಿಲ್ಲ. ಉಳಿದವರಿಗೆ ಅನ್ನ, ಬಟ್ಟೆ, ಇರಲು ಜಾಗ ಕೊಡಲೇಬೇಕು.

ಒಂದು ಉದಾಹರಣೆ. ಒಬ್ಬ ಅಜ್ಜಿಗೆ ಮೂವರು ಹೆಣ್ಣು, ಇಬ್ಬರು ಗಂಡು ಮಕ್ಕಳು ಅಂದುಕೊಳ್ಳಿ. ಒಬ್ಬೊಬ್ಬ ಮಗಳು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಮಕ್ಕಳು ಸೇರಿ ಒಂದು ಕವರು. ಕವರು ಅಂದರೆ ಕವಲು. ಎಲ್ಲ ಕವರು ಸೇರಿದರೆ ಕುಟುಂಬ. ಇಬ್ಬರು ಗಂಡುಮಕ್ಕಳ ಸಂಸಾರ ಈ ಲೆಕ್ಕಕ್ಕೇ ಬರುವುದಿಲ್ಲ, ಅವರ ಮಕ್ಕಳು ಅವರವರ ತಾಯಿಮನೆಯ ಲೆಕ್ಕ. ನಡುವಿನ ಮಗಳಿಗೆ ಬರೀ ಗಂಡುಮಕ್ಕಳಾದರೆ ಆ ಕವರು ಮುಂದೆ ಬೆಳೆಯುವುದಿಲ್ಲ. ಹೆಣ್ಣು ಹುಟ್ಟಿದರೆ ಮನೆಯವರಿಗೆ ಆಗುತ್ತಿದ್ದ ಸಂತೋಷಕ್ಕೆ ಇದೇ ಕಾರಣ. ಹೆಣ್ಣಿಲ್ಲದಿದ್ದರೆ ಮನೆಯೇ ನಿಂತುಹೋಗುತ್ತಿತ್ತು.

ಇನ್ನು ಮನೆಯ ಆಕಾರ ನೋಡಿ. ಮದುವೆಯಾದ ಹೆಂಗಸು ಗಂಡ ಇರುವವರೆಗೆ ಹೆಚ್ಚಾಗಿ ಅವನ ಮನೆಯಲ್ಲಿ ಇರುತ್ತಿದ್ದಳು. ಆದರೆ ಅವಳ ಮನೆ ಅದಲ್ಲ. ಹೆರಿಗೆಗೆ ತಾಯಿಮನೆಗೆ ಬರಬೇಕು. ಗಂಡ ತೀರಿಕೊಂಡರೆ ಮಕ್ಕಳನ್ನು ಕರೆದುಕೊಂಡು ತಾಯಿಮನೆಗೇ ವಾಪಸ್. ಹಾಗಾಗಿ ಪ್ರತಿ ಮನೆಯೂ ಹೊರಗಿರುವ ತನ್ನ ಹೆಣ್ಣುಮಕ್ಕಳಿಗೆ ಜಾಗ ಇಟ್ಟುಕೊಂಡೇ ಇರಬೇಕಿತ್ತು. ನಡುಅಂಗಳದ ಸುತ್ತ ಇರುವ ಆ ಸಾಲು ಕೋಣೆಗಳು ಅದಕ್ಕೇ. ಈಗ ಅವನ್ನು ನೋಡಿ "ಎಷ್ಟು ಶ್ರೀಮಂತಿಕೆ" ಅನ್ನುತ್ತಾರೆ. ನನಗೆ ಅದರಲ್ಲಿ ಶ್ರೀಮಂತಿಕೆಗಿಂತ ಹೆಚ್ಚಾಗಿ ಒಂದು ಭರವಸೆ ಕಾಣುತ್ತದೆ. ಯಾವ ವಯಸ್ಸಿನಲ್ಲಿ, ಯಾವ ಸ್ಥಿತಿಯಲ್ಲಿ ಬಂದರೂ ಅವಳಿಗೆ ಒಂದು ಕೋಣೆ ಇತ್ತು. ಕೇಳಿ ಪಡೆಯಬೇಕಾದ ದಾನ ಅಲ್ಲ, ಅದು ಅವಳ ಹಕ್ಕು.

ಚಾವಡಿಯ ಒಂದು ಬದಿಗೆ ದೈವದ ಕೋಣೆ, ಅಥವಾ ತೂಗುವ ಮಂಚ. ಅದರ ಮೇಲೆ ದೈವದ ಮೊಗ (ಮುಖವಾಡ), ಕಡ್ಸಲೆ (ಖಡ್ಗ). ಗುತ್ತು, ಬೀಡು, ಬರ್ಕೆ, ಬಾಳಿಕೆ ಎಂಬ ಮನೆಹೆಸರುಗಳು ಇದಕ್ಕೆ ಹೊಂದಿಕೊಂಡೇ ಇವೆ. ಊರಿನ ದೈವಸ್ಥಾನದಲ್ಲಿ ಯಾವ ಮನೆಗೆ ಯಾವ ಜವಾಬ್ದಾರಿ, ಯಾವ ಮರ್ಯಾದೆ ಎನ್ನುವುದು ಆ ಹೆಸರಿನಲ್ಲಿದೆ. ಜವಾಬ್ದಾರಿ ಮನೆಗೆ ಸೇರಿದ್ದು, ಮನುಷ್ಯನಿಗಲ್ಲ. ಮನೆ ಪಾಲಾದರೂ ದೈವವನ್ನು ಪಾಲು ಮಾಡಲಾಗುವುದಿಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಗದ್ದೆಯ ಲೆಕ್ಕ

1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ಕೆನರಾ, ಅಂದರೆ ಈ ಕರಾವಳಿ ಸೀಮೆ, ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಇಲ್ಲಿನ ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಇಲ್ಲಿ ಭೂಮಿ ಖಾಸಗಿ ಆಸ್ತಿಯಾಗಿ ಮೊದಲಿನಿಂದಲೂ ಇದೆ ಎನ್ನುವುದು ಅವನಿಗೆ ಕಂಡಿತು. ಸರಕಾರಕ್ಕೆ ತೀರ್ವೆ (ಭೂಕಂದಾಯ) ಕಟ್ಟುವ ಖಾತೆಗೆ ವರ್ಗ ಎಂದು ಹೆಸರು, ಖಾತೆ ಇರುವವರು ವರ್ಗದಾರರು. ದೊಡ್ಡ ಮನೆಯವರು ಹೆಚ್ಚಾಗಿ ವರ್ಗದಾರರು.

ವರ್ಗದಾರರ ಕೆಳಗೆ ಗೇಣಿದಾರರು. ಅವರಲ್ಲಿ ಎರಡು ಬಗೆ. ಮೂಲಗೇಣಿಯವರಿಗೆ ಗೇಣಿ ನಿಗದಿ, ಏರಿಸುವಂತಿಲ್ಲ, ತಲೆಮಾರಿನಿಂದ ತಲೆಮಾರಿಗೆ ಭೂಮಿ ಅವರಲ್ಲೇ. ಚಾಲಗೇಣಿಯವರದ್ದು ಧಣಿಯ ಮರ್ಜಿ. ಈ ವರ್ಷ ಇದೆ, ಮುಂದಿನ ವರ್ಷ ಗೊತ್ತಿಲ್ಲ. ಮೂಲಗೇಣಿಯವರೇ ತಮ್ಮ ಗದ್ದೆಯನ್ನು ಇನ್ನೊಬ್ಬರಿಗೆ ಚಾಲಗೇಣಿಗೆ ಕೊಡುವುದೂ ಇತ್ತು. ಆಗ ಒಂದೇ ಗದ್ದೆಯ ಮೇಲೆ ಮೂರು ಮನೆ ನಿಂತ ಹಾಗಾಯಿತು: ತೀರ್ವೆ ಕಟ್ಟುವ ವರ್ಗದಾರ, ನಡುವೆ ಮೂಲಗೇಣಿದಾರ, ಕೆಸರಿಗೆ ಇಳಿಯುವ ಚಾಲಗೇಣಿ ಒಕ್ಕಲು. ಬೆಳೆದ ಭತ್ತ ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು.

ಗದ್ದೆಯಲ್ಲೂ ಮೇಲು ಕೀಳು ಇದೆ. ತಗ್ಗಿನಲ್ಲಿರುವ, ನೀರು ನಿಲ್ಲುವ ಬೈಲು ಗದ್ದೆಯಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯಬಹುದು. ಮಜಲಿನಲ್ಲಿ ಎರಡು. ಎತ್ತರದ ಬೆಟ್ಟು ಗದ್ದೆಗೆ ಮಳೆಯೇ ಗತಿ, ಒಂದೇ ಬೆಳೆ. ದೊಡ್ಡ ಮನೆ ಬೈಲಿನ ಅಂಚಿನಲ್ಲೇ ಯಾಕಿದೆ ಎಂದು ಈಗ ಗೊತ್ತಾಯಿತಲ್ಲ. ಹಿಂದಿನ ಗುಡ್ಡವೂ ಸುಮ್ನೆ ಇದ್ದದ್ದಲ್ಲ. ವರ್ಗ ಭೂಮಿಯ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗಕ್ಕೆ ಕುಮ್ಕಿ ಎಂದು ಹೆಸರು. ಅಲ್ಲಿಂದ ಸೊಪ್ಪು, ಹುಲ್ಲು, ಸೌದೆ ತರುವ ಹಕ್ಕು ವರ್ಗದಾರರಿಗೆ ಇತ್ತು. ದನದ ಹಟ್ಟಿಗೆ ಸೊಪ್ಪು ಹಾಕಿ ಗೊಬ್ಬರ ಮಾಡದೆ ಆ ಗದ್ದೆಗಳು ಬೆಳೆಯುತ್ತಿರಲಿಲ್ಲ.

ಗೇಣಿ ಕೊಡುತ್ತಿದ್ದದ್ದು ಮುಡಿ ಲೆಕ್ಕದಲ್ಲಿ. ಮುಡಿ ಕಟ್ಟುವುದನ್ನು ನೋಡಿದವರು ಈಗ ಕಡಿಮೆ. ಬೈಹುಲ್ಲನ್ನು ಸೂರ್ಯನ ಕಿರಣದ ಹಾಗೆ ಸುತ್ತ ಹರಡುತ್ತಾರೆ. ನಡುವೆ ಅಕ್ಕಿ ಸುರಿಯುತ್ತಾರೆ. ಹುಲ್ಲನ್ನು ಮೇಲೆತ್ತಿ, ಹುಲ್ಲಿನದ್ದೇ ಹಗ್ಗದಿಂದ ಸುತ್ತಿ, ಕಾಲಲ್ಲಿ ಒತ್ತಿ ಹಿಡಿದು ಬಿಗಿಯುತ್ತಾರೆ. ಒಂದೊಂದು ಸುತ್ತಿಗೂ ಮರದ ತುಂಡಿನಿಂದ ಬಡಿದು ಬಡಿದು, ಕೊನೆಗೆ ಕಲ್ಲಿನ ಹಾಗೆ ಗಟ್ಟಿಯಾದ ಉಂಡೆ. ಮಳೆಗಾಲದ ತಂಡಿಯಲ್ಲೂ ಒಳಗಿನ ಅಕ್ಕಿ ಹಾಳಾಗುವುದಿಲ್ಲ. ನಮ್ಮ ಅಜ್ಜಿಮನೆಯ ಉಪ್ಪರಿಗೆಯಲ್ಲಿ ಮುಡಿ ಇಡುತ್ತಿದ್ದ ಮರದ ಅಟ್ಟ ಇನ್ನೂ ಇದೆ. ಮುಡಿಗಳು ಕೂತು ಕೂತು ಹಲಗೆಯಲ್ಲಿ ದುಂಡಗಿನ ಗುರುತು ಬಿದ್ದಿದೆ. ಸಣ್ಣವಳಿದ್ದಾಗ ಅದನ್ನು ಎಣಿಸುತ್ತಿದ್ದೆ. ಅಷ್ಟು ಅಕ್ಕಿ ಬೆಳೆದವರ ಮನೆಯಲ್ಲಿ ಆಷಾಢಕ್ಕೆ ಏನು ಉಳಿಯುತ್ತಿತ್ತು ಎನ್ನುವ ಪ್ರಶ್ನೆ ಬಂದದ್ದು ಬಹಳ ತಡವಾಗಿ.

ಒಕ್ಕಲಿಗಿಂತಲೂ ಕೆಳಗೆ ಮೂಲದಾಳುಗಳಿದ್ದರು. ತಲೆಮಾರುಗಳಿಂದ ಒಂದೇ ಮನೆಗೆ ಕಟ್ಟುಬಿದ್ದು ದುಡಿದವರು. ನೇಜಿ (ಭತ್ತದ ಸಸಿ) ಹಾಕಿದವರು, ಮನೆಗೋಡೆಗೆ ಮಣ್ಣು ಕಲಸಿದವರು ಅವರು. ಒಕ್ಕಲು ಅಂಗಳದವರೆಗೆ ಬರಬಹುದಿತ್ತು, ಇವರು ಅಂಗಳದ ಆಚೆಗೇ ನಿಲ್ಲಬೇಕಿತ್ತು. ಹಳೇ ಮನೆಯ ಚಂದವನ್ನು ವರ್ಣಿಸುವವರು ಇದನ್ನು ಬಿಟ್ಟು ಬರೆದರೆ ಅದು ಮನೆಯ ಚರಿತ್ರೆ ಆಗುವುದಿಲ್ಲ.

ಮೂರು ಕಾನೂನು

1862ರಲ್ಲಿ ಮದರಾಸು ಹೈಕೋರ್ಟ್ ಶುರುವಾಯಿತು. ಮರುವರ್ಷ, 1863ರಲ್ಲಿ, ಅಳಿಯಸಂತಾನ ಕುಟುಂಬದ ಒಂದು ವ್ಯಾಜ್ಯದಲ್ಲಿ ಅದು ಒಂದು ತೀರ್ಪು ಕೊಟ್ಟಿತು. ಈ ಕುಟುಂಬಗಳಲ್ಲಿ ಒಬ್ಬರು ಹಟ ಹಿಡಿದರು ಎಂದು ಆಸ್ತಿಯನ್ನು ಪಾಲು ಮಾಡಲು ಬರುವುದಿಲ್ಲ, ಎಲ್ಲರೂ ಒಪ್ಪಿದರೆ ಮಾತ್ರ ಪಾಲು. ಮುಂದೆ 80 ವರ್ಷಕ್ಕೂ ಹೆಚ್ಚು ಕಾಲ ಇದೇ ನಡೆಯಿತು. ದೊಡ್ಡ ಕುಟುಂಬದಲ್ಲಿ ಎಲ್ಲರೂ ಒಪ್ಪುವುದು ಎಲ್ಲಿ ಸಾಧ್ಯ? ಮನೆ ಬೆಳೆಯುತ್ತಾ ಹೋಯಿತು, ಕೋಣೆಗೆ ಕೋಣೆ ಸೇರಿಸಿದರು. ಒಳಗೆ ಜಗಳವೂ ಬೆಳೆಯಿತು. ಯಜಮಾನ ತನ್ನ ಸ್ವಂತ ಮಕ್ಕಳಿಗೆ ಗುಟ್ಟಾಗಿ ಏನೋ ಮಾಡಿಕೊಟ್ಟ ಎಂಬ ಸಂಶಯ ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಇತ್ತು. ಒಂದು ಕಡೆ ಪ್ರೀತಿಯ ಮಕ್ಕಳು, ಇನ್ನೊಂದು ಕಡೆ ಹಕ್ಕಿನ ಅಳಿಯಂದಿರು. ಆ ಗಂಡಸರ ಸಂಕಟವೂ ಸಣ್ಣದಲ್ಲ.

ಆಮೇಲೆ 25 ವರ್ಷದೊಳಗೆ ಮೂರು ಕಾನೂನು ಬಂದವು. ಈ ಮೂರನ್ನು ಒಟ್ಟಿಗೆ ಇಟ್ಟು ನೋಡಬೇಕು. ಬಿಡಿ ಬಿಡಿಯಾಗಿ ನೋಡಿದರೆ ಮನೆ ಯಾಕೆ ಖಾಲಿಯಾಯಿತು ಎನ್ನುವುದು ತಿಳಿಯುವುದಿಲ್ಲ.

ಮೊದಲನೆಯದು 1949ರ ಮದರಾಸು ಅಳಿಯಸಂತಾನ ಕಾಯ್ದೆ. ಕವರುಗಳಿಗೆ ಪಾಲು ಕೇಳುವ ಹಕ್ಕು ಇದರಿಂದ ಬಂತು. ಅದರಲ್ಲಿ ಒಂದು ವಿಚಿತ್ರ ಲೆಕ್ಕ ಇದೆ. 50 ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇರುವ ಕವರು ಸಂತತಿ ಕವರು. ಅಂಥವಳು ಇಲ್ಲದಿದ್ದರೆ ನಿಸ್ಸಂತತಿ ಕವರು. ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದರೆ ನಿಸ್ಸಂತತಿಯವರ ಪಾಲು ಅವರ ಜೀವಮಾನಕ್ಕೆ ಮಾತ್ರ, ಆಮೇಲೆ ಅದು ಬೆಳೆಯುವ ಕವರುಗಳಿಗೆ ಹಿಂತಿರುಗಬೇಕು. ಮೇಲಿನ ಉದಾಹರಣೆಯಲ್ಲಿ ಬರೀ ಗಂಡುಮಕ್ಕಳಿದ್ದ ನಡುವಿನ ಮಗಳನ್ನು ನೆನಪಿಸಿಕೊಳ್ಳಿ. ಅವಳಿಗೆ 50 ತುಂಬುವ ಮೊದಲು ಪಾಲಾದರೆ ಒಂದು ಲೆಕ್ಕ, ತುಂಬಿದ ಮೇಲೆ ಆದರೆ ಇನ್ನೊಂದು. ಒಬ್ಬ ಹೆಂಗಸಿನ ವಯಸ್ಸಿನ ಮೇಲೆ ಎಕರೆಗಟ್ಟಲೆ ಗದ್ದೆ ನಿಂತಿತ್ತು. ಇಂಥ ವ್ಯಾಜ್ಯಗಳು ವರ್ಷಗಟ್ಟಲೆ ನಡೆದವು.

ಎರಡನೆಯದು ಹಿಂದೂ ಉತ್ತರಾಧಿಕಾರ ಕಾಯ್ದೆ. 1956ರ ಜೂನ್ 17ರಂದು ಜಾರಿಗೆ ಬಂತು. ಅದರ 7ನೇ ಕಲಮು ಅಳಿಯಸಂತಾನದವರ ಬಗ್ಗೆ ನೇರವಾಗಿ ಹೇಳುತ್ತದೆ. ಒಬ್ಬರು ತೀರಿಕೊಂಡಾಗ, ಸಾಯುವ ಮೊದಲು ಕುಟುಂಬದಲ್ಲಿ ತಲೆಗೊಂದರಂತೆ ಪಾಲಾಗಿತ್ತು ಎಂದೇ ತಿಳಿಯಬೇಕು. ಆ ಪಾಲು ಅವರ ವಾರಸುದಾರರಿಗೆ ಹೋಗಬೇಕು. ಗಂಡಸಿನ ಪಾಲು ಈಗ ಅವನ ಹೆಂಡತಿ ಮಕ್ಕಳಿಗೆ. ನೂರಾರು ವರ್ಷ ಅಕ್ಕತಂಗಿಯ ಕಡೆಗೆ ಹರಿದ ನೀರು ದಿಕ್ಕು ಬದಲಿಸಿತು. ಗದ್ದಲ ಏನೂ ಆಗಲಿಲ್ಲ. ಚಾವಡಿಯಲ್ಲಿ ಅದೇ ದೀಪ, ಅದೇ ಊಟ. ಆದರೆ ಸೋದರಮಾವ ತೀರಿಕೊಂಡಾಗಲೆಲ್ಲ ಮನೆಯ ಒಂದು ತುಂಡು ಹೊರಗಿನವರ ಹೆಸರಿಗೆ ಹೋಗತೊಡಗಿತು. ಹೊರಗಿನವರು ಅಂದರೆ ಅವನ ಮಕ್ಕಳೇ! ಹಳೇ ಲೆಕ್ಕದಲ್ಲಿ ಅವರು ಹೊರಗಿನವರು, ಹೊಸ ಲೆಕ್ಕದಲ್ಲಿ ಮೊದಲ ಹಕ್ಕುದಾರರು.

ಅದೇ ವರ್ಷ ನವೆಂಬರ್ 1ಕ್ಕೆ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಎಷ್ಟೋ ಕುಟುಂಬಗಳ ಗದ್ದೆ ಒಂದು ರಾಜ್ಯದಲ್ಲಿ, ನೆಂಟರು ಇನ್ನೊಂದರಲ್ಲಿ.

ಮೂರನೆಯದನ್ನು ಊರಲ್ಲಿ ಯಾರೂ ಕಾಯ್ದೆಯ ಹೆಸರು ಹಿಡಿದು ಕರೆಯುವುದಿಲ್ಲ. "ಭೂಮಸೂದೆ" ಎಂದರೆ ಸಾಕು. ಹುಟ್ಟು, ಮದುವೆ, ಸಾವು ಎಲ್ಲಕ್ಕೂ "ಭೂಮಸೂದೆಗೆ ಮೊದಲಾ, ಆಮೇಲಾ?" ಎಂದು ಕೇಳುವ ಹಿರಿಯರು ಈಗಲೂ ಇದ್ದಾರೆ. ಭೂಸುಧಾರಣಾ ಕಾಯ್ದೆ 1961ರದ್ದು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಅದಕ್ಕೆ ಆದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆ ದಿನ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರಕಾರದ್ದಾಯಿತು. ಉಳುತ್ತಿದ್ದವರು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಬೇಕು. ಊರಿನ ಮಾತಿನಲ್ಲಿ "ಡಿಕ್ಲರೇಶನ್ ಕೊಡುವುದು". ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ಅಧಿಭೋಗದ ಹಕ್ಕು, ಅಂದರೆ ಭೂಮಿಯ ಒಡೆತನ, ಕೊಡುತ್ತಿತ್ತು. ಅರ್ಜಿಗೆ ಕೊನೆಯ ದಿನ 1979ರ ಜೂನ್ 30. ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆ ಸರಕಾರ ನೇಮಿಸಿದ ನಾಲ್ವರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಅಲ್ಲಿ ಜಾಗ ಇರಲಿಲ್ಲ. ಧಣಿಯೂ ಒಕ್ಕಲೂ ಸ್ವತಃ ಎದುರುಬದುರು ನಿಂತು ಹೇಳಬೇಕು.

ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದ ಮನುಷ್ಯ, ಅದೇ ಧಣಿಯ ಮುಂದೆ "ಈ ಗದ್ದೆ ಉಳುತ್ತಿರುವುದು ನಾನು" ಎಂದು ಹೇಳುವುದಕ್ಕೆ ಎಷ್ಟು ಧೈರ್ಯ ಬೇಕಿತ್ತು! ಅನ್ನದ ಋಣ ಎಂದು ಡಿಕ್ಲರೇಶನ್ ಕೊಡದೆ ಉಳಿದವರೂ ಇದ್ದರು. ಗದ್ದೆಯೇ ಜೀವನಾಧಾರವಾಗಿದ್ದ ವಿಧವೆ ಧಣಿಗಳೂ ಇದ್ದರು, ಅವರಿಗೆ ಆದ ಕಷ್ಟ ನಿಜ. ಆದರೂ ಕಾನೂನು ಸರಿಯಾಗಿತ್ತು ಎಂದೇ ನಾನು ನಂಬುತ್ತೇನೆ. ಉಪ್ಪರಿಗೆಯ ಹಲಗೆಯಲ್ಲಿನ ಆ ದುಂಡಗಿನ ಗುರುತುಗಳು ಇನ್ನೊಬ್ಬರ ಮನೆಯ ಮಕ್ಕಳ ಅನ್ನ.

ಈಗ ಮೂರನ್ನೂ ಸೇರಿಸಿ ನೋಡಿ. 1949 ಕುಟುಂಬವನ್ನು ಕವರುಗಳಾಗಿ ಬಿಡಿಸಿತು. 1956 ಕವರನ್ನು ಒಬ್ಬೊಬ್ಬರಾಗಿ ಬಿಡಿಸಿತು. 1974ರಲ್ಲಿ ಗೇಣಿ ಅಕ್ಕಿ ನಿಂತಿತು. ಅಷ್ಟು ದೊಡ್ಡ ಮನೆಗೆ ವರ್ಷ ವರ್ಷ ಮಾಡು (ಛಾವಣಿ) ಬಿಚ್ಚಿ ಕಟ್ಟಲು, ಅದರ ಮರದ ಪಕ್ಕಾಸು ಬದಲಿಸಲು ಬೇಕಾದ ಆದಾಯ ಆ ಅಕ್ಕಿಯಿಂದಲೇ ಬರುತ್ತಿತ್ತು. ಇನ್ನು ಮನೆಗೆ ಒಡೆಯರು ಬಹಳ, ರಿಪೇರಿಗೆ ಹಣ ಇಲ್ಲ. ಮುಂಬೈಗೆ ಹೋದವರು ಇದಕ್ಕೆ ಮುಖ್ಯ ಕಾರಣ ಅಲ್ಲ. ಅವರಲ್ಲಿ ಎಷ್ಟೋ ಜನರ ಮನಿಆರ್ಡರ್‌ನಿಂದಲೇ ಮನೆ ಇನ್ನೂ ನಿಂತಿದೆ.

ಒಕ್ಕಲಿನ ಮನೆಯಲ್ಲೂ ಇದೇ ಕತೆ ಇನ್ನೊಂದು ರೂಪದಲ್ಲಿ ನಡೆಯಿತು. ಅವರೂ ಹೆಚ್ಚಿನವರು ಅಳಿಯಕಟ್ಟಿನವರೇ. ಗೇಣಿಚೀಟು ಇದ್ದದ್ದು ಮಾವನ ಹೆಸರಲ್ಲಿ, ಉತ್ತದ್ದು ಅಕ್ಕತಂಗಿಯರ ಮಕ್ಕಳೂ ಸೇರಿ. ಹಕ್ಕು ಸಿಕ್ಕಿದ್ದು ಮಾವನಿಗಾ, ಇಡೀ ಕುಟುಂಬಕ್ಕಾ? ಮಾವ ತೀರಿಕೊಂಡ ಮೇಲೆ ಅವನ ಮಕ್ಕಳಿಗಾ, ಅಳಿಯಂದಿರಿಗಾ? ಒಂದು ಅನ್ಯಾಯ ಸರಿಯಾದ ಜಾಗದಲ್ಲೇ ಹೊಸ ವ್ಯಾಜ್ಯ ಹುಟ್ಟಿತು.

ಮೂಲದಾಳುಗಳ ಹೆಸರಲ್ಲಿ ಗೇಣಿಚೀಟೇ ಇರಲಿಲ್ಲ. ಅವರು ಗೇಣಿದಾರರಲ್ಲ, ಕೂಲಿಯವರು. ಗದ್ದೆ ಅವರಿಗೆ ಸಿಗಲಿಲ್ಲ. ತಾವು ವಾಸವಿದ್ದ ಬಿಡಾರದ ಜಾಗ ಸಿಕ್ಕಿದ್ದರೆ ಅದೇ ದೊಡ್ಡದು.

ನಿಮ್ಮ ಮನೆಯ ಚರಿತ್ರೆ ಹುಡುಕಬೇಕೆಂದಿದ್ದರೆ

ಮಾಡಿನಿಂದ ಶುರು ಮಾಡಬಹುದು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೆ ಮೊದಲು ದೊಡ್ಡ ಮನೆಗೂ ಮುಳಿಹುಲ್ಲಿನ ಮಾಡೇ ಸಾಮಾನ್ಯ. ಹಂಚಿನ ಮೇಲೆ 1865 ಎಂದು ಇದ್ದರೆ ಮನೆ ಆ ವರ್ಷದ್ದು ಎಂದು ತಿಳಿಯಬೇಡಿ, ಅದು ಕಾರ್ಖಾನೆ ಹುಟ್ಟಿದ ಇಸವಿ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು, ಆ ಹೆಸರಿನ ಹಂಚು ಆಮೇಲಿನದ್ದು. ಗೋಡೆ ಮಣ್ಣಿನದ್ದು, ಮಾಡು ಮಾತ್ರ ಹಂಚಿನದ್ದಾದರೆ ಮನೆ ಹಂಚಿಗಿಂತ ಹಳೆಯದಿರಬಹುದು. ಹುಲ್ಲು ತೆಗೆದು ಹಂಚು ಹೊದಿಸಿದ್ದು ಬಹಳ ಕಡೆ ಆಗಿದೆ.

ಆಮೇಲೆ ಕಾಗದ. ಭಾಗಪತ್ರದ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ. ಅದರಲ್ಲಿ ಕವರುಗಳ ಹೆಸರು, ವಯಸ್ಸು, ಯಾರಿಗೆ ಯಾವ ಕೋಣೆ ಎನ್ನುವುದೂ ಇರುತ್ತದೆ. ಹಳೇ ಅಡಂಗಲ್, ಈಗಿನ ಪಹಣಿ, ತಾಲೂಕು ಕಚೇರಿಯ ಭೂನ್ಯಾಯ ಮಂಡಳಿ ಕಡತ ನೋಡಿ. ಮಂಡಳಿಯ ಕಡತದಲ್ಲಿ ಒಕ್ಕಲಿನವರ ಹೇಳಿಕೆ ಇರುತ್ತದೆ. ಯಾವ ವರ್ಷದಿಂದ ಉಳುತ್ತಿದ್ದೇವೆ, ಎಷ್ಟು ಮುಡಿ ಕೊಡುತ್ತಿದ್ದೆವು ಎಂದು ಅವರದ್ದೇ ಮಾತು. ದೊಡ್ಡ ಮನೆಯ ಯಾವ ಪೆಟ್ಟಿಗೆಯಲ್ಲೂ ಅದು ಸಿಗುವುದಿಲ್ಲ.

ಕಾಗದಕ್ಕೂ ಮೊದಲು ಮನೆಯ ಹಿರಿಯ ಹೆಂಗಸರನ್ನು ಕೇಳಿ. ನಾನು ನಮ್ಮ ದೊಡ್ಡಮ್ಮನ ಹತ್ತಿರ ಕೂತು ವಂಶವೃಕ್ಷ ಬರೆಯಲು ಹೊರಟೆ. ರೂಢಿಯಂತೆ ಅಜ್ಜನ ಹೆಸರು ಮೇಲೆ ಬರೆದೆ. ದೊಡ್ಡಮ್ಮ ಪೆನ್ನು ಹಿಡಿದ ನನ್ನ ಕೈಯನ್ನೇ ತಡೆದರು. "ಅವರು ಈ ಮನೆಯವರಲ್ಲ ಮಗಾ, ಅಳಿಸು" ಅಂದರು. ಆಮೇಲೆ ತಾಯಿಯಿಂದ ತಾಯಿಗೆ ಐದು ಹೆಸರು ನಿಲ್ಲಿಸದೆ ಹೇಳಿದರು. ಆ ಐವರಲ್ಲಿ ಒಬ್ಬರ ಗಂಡನ ಹೆಸರೂ ಅವರಿಗೆ ನೆನಪಿರಲಿಲ್ಲ.

ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲದ ಸೇವೆ ಕೊಡುವ ದಿನ ಆ ಮನೆಯ ಬೀಗ ತೆಗೆಯುತ್ತೇವೆ. ಪಾಲಾಗದೆ ಉಳಿದದ್ದು ದೈವದ ಕೋಣೆ ಒಂದೇ, ಅದಕ್ಕೆ ಎಲ್ಲ ಕವರಿನವರೂ ಬರಬೇಕು. ಬೀಗದಕೈ ತಂದು ಬಾಗಿಲು ತೆಗೆಯುವವರು ಪಕ್ಕದ ಮನೆಯವರು. ಒಂದು ಕಾಲದಲ್ಲಿ ಅವರು ನಮ್ಮ ಚಾಲಗೇಣಿ ಒಕ್ಕಲು. ಮುಂದಿನ ಬೈಲು ಗದ್ದೆ ಈಗ ಅವರದ್ದು. ಆ ದಿನದ ಅಕ್ಕಿಯನ್ನು ನಾವು ಅವರಿಂದಲೇ ಹಣ ಕೊಟ್ಟು ತರುತ್ತೇವೆ. ಹೋದ ವರ್ಷ ದೊಡ್ಡಮ್ಮ ನನ್ನ ವಂಶವೃಕ್ಷದ ಹಾಳೆ ನೋಡಿ, ಪಕ್ಕದ ಮನೆಯವರದ್ದನ್ನೂ ಬರೆದಿದ್ದೀಯಾ ಎಂದು ಕೇಳಿದರು. ಇಲ್ಲ ಅಂದೆ. "ಅವರ ಅಜ್ಜಿಯ ಹೆಸರು ನನಗೆ ಗೊತ್ತುಂಟು, ಇನ್ನೊಂದು ಹಾಳೆ ತಾ" ಅಂದರು.